ಪರದೆಯೊಳಗೆ ನೀರು ಹಾಕಿದವಳು

ಇದನ್ನು ಬರೆಯುವ ಮೊದಲು ತವರೂರು ಕುಣಿಗಲ್‌ಗೆ ಹೋಗಿ ಒಬ್ಬರ ಅಪ್ಪಣೆ ಕೇಳಿಕೊಂಡು ಬಂದಿದ್ದೇನೆ. ಅವರು ನನಗಿಂತ ಎಂಟು ವರ್ಷ ದೊಡ್ಡವರು. ಪೇಟೆ ಬೀದಿಯಲ್ಲಿ ಅವರದೊಂದು ಬಳೆ ಅಂಗಡಿ ಇದೆ. ನಾನು ಅವರನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತೇನೆ. "ನಿಮ್ಮ ತಾಯಿ ವಿಷಯ ಬರೀಬೇಕು ಅಂತಿದೀನಿ" ಎಂದೆ. ಗಾಜಿನ ಬಳೆಗಳನ್ನು ಡಜನ್ ಡಜನ್ ಕಟ್ಟುತ್ತಿದ್ದವರು ದಾರದಿಂದ ಕಣ್ಣು ತೆಗೆಯದೆ, "ಬರಿ. ಮುಚ್ಚಿಟ್ಟು ಏನ್ ಬಂತು? ಆದ್ರೆ ಯಾರ ಹೆಸ್ರೂ ಹಾಕ್ಬೇಡ. ನಿಂದೂ ಹಾಕ್ಬೇಡ" ಎಂದರು. ಆದ್ದರಿಂದ ಇಲ್ಲಿ ಯಾರಿಗೂ ಹೆಸರಿಲ್ಲ.

ಸತ್ತ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸುವುದು ನಮ್ಮ ಮನೆಯ ಹೆಂಗಸರ ಸೇವೆ. ಗುಸಲ್ ಎನ್ನುತ್ತೇವೆ. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರೇ ಮಾಡಿಸಬೇಕು. ಪ್ಲೇಗಿನ ಕಾಲದಲ್ಲಿ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ಹೆಣ ಮುಟ್ಟುವವರೇ ಇರಲಿಲ್ಲವಂತೆ. ನಮ್ಮ ಮನೆಯ ಯಾವುದೋ ಹಿರಿಯಜ್ಜಿ ಸೆರಗು ಬಿಗಿದುಕೊಂಡು ಹೋದಳಂತೆ. ಅವಳಿಂದ ಸೊಸೆಗೆ, ಆ ಸೊಸೆಯಿಂದ ಅವಳ ಸೊಸೆಗೆ, ಹೀಗೆ ಬಂದು ನನ್ನ ಅಪ್ಪನ ತಾಯಿಯ ಕೈ ಸೇರಿತು. ನಾವು ಅವರನ್ನು ದಾದಿಮಾ ಎನ್ನುತ್ತಿದ್ದೆವು. ಈ ಕೆಲಸಕ್ಕೆ ಏನನ್ನೂ ತೆಗೆದುಕೊಳ್ಳುವಂತಿಲ್ಲ. ಸತ್ತವರ ಮನೆಯಲ್ಲಿ ಒಂದು ಲೋಟ ಟೀ ಕೂಡ ಕುಡಿಯುವಂತಿಲ್ಲ. ಸೈಕಲ್ ಶಾಪ್ ಇಟ್ಟಿದ್ದ ಅಬ್ಬಾ, ಅಂದರೆ ನನ್ನ ಅಪ್ಪ, ಎಷ್ಟೋ ಸಲ ಮಧ್ಯಾಹ್ನ ಊಟಕ್ಕೆ ಬಂದು, ಒಲೆ ಹಚ್ಚಿಲ್ಲದ್ದನ್ನು ನೋಡಿ, "ಇವತ್ತು ಯಾರು ಹೋದ್ರು?" ಎಂದು ಕೇಳಿ, ಹೋಟೆಲಿಗೆ ನಡೆಯುತ್ತಿದ್ದರು.

ಹಿತ್ತಲಲ್ಲಿ ಒಂದು ಎಲಚಿ ಮರ ಇತ್ತು. ಗುಸಲ್‌ನ ನೀರಿಗೆ ಎಲಚಿ ಎಲೆ ಹಾಕಿ ಕಾಯಿಸಬೇಕು. ಎಲೆ ಬಿಡಿಸುವುದು ಮಕ್ಕಳ ಕೆಲಸ. ಹಣ್ಣಿನ ಆಸೆಗೆ ಮರದ ಕೆಳಗೆ ಹೋದರೂ ಸರಿ, ಬರುವಾಗ ಒಂದು ಮೊರ ಎಲೆ ತರಲೇಬೇಕು. ಸೇವೆ ಎಂದರೆ ಈಗ ಎಲ್ಲರೂ ಕಣ್ಣು ಅರೆಮುಚ್ಚಿ ಮಾತಾಡುತ್ತಾರೆ. ನನಗೆ ಆಗ ಸೇವೆ ಎಂದರೆ ಮುಳ್ಳು ಚುಚ್ಚಿದ ಬೆರಳು. ನೆರಳಲ್ಲಿ ಒಣಗಿದ ಆ ಎಲೆಯನ್ನು ದಾದಿಮಾ ಒಂದು ಗಂಟಿನಲ್ಲಿ ಇಡುತ್ತಿದ್ದರು. ಕರ್ಪೂರ, ಅತ್ತರು, ಹತ್ತಿ, ಕೈಗೆ ಹಾಕಿಕೊಳ್ಳುವ ಬಟ್ಟೆ ಚೀಲಗಳು, ಎಲ್ಲ ಅದರಲ್ಲೇ ಇರುತ್ತಿದ್ದವು. ಮಸೀದಿಯ ಮೈಕಿನಲ್ಲಿ ಇಂಥವರ ಮನೆಯಲ್ಲಿ ಇಂಥವರು ತೀರಿಕೊಂಡರು ಎಂದು ಕೂಗಿ ಮುಗಿಯುವಷ್ಟರಲ್ಲಿ ಗಂಟು ಅವರ ಕಂಕುಳಲ್ಲಿ ಇರುತ್ತಿತ್ತು.

ದಾದಿಮಾ ಹುಟ್ಟಿ ಬೆಳೆದದ್ದು ಹುಲಿಯೂರುದುರ್ಗದ ಕಡೆ, ಒಕ್ಕಲು ಮಕ್ಕಳ ಜೊತೆ. ಅವರ ಉರ್ದು ನಾಲ್ಕು ಮಾತು ನಡೆಯುವುದರೊಳಗೆ ಕನ್ನಡಕ್ಕೆ ಇಳಿದುಬಿಡುತ್ತಿತ್ತು. ಸಿಟ್ಟು ಬಂದರಂತೂ ಪೂರ್ತಿ ಕನ್ನಡವೇ. ಅದಕ್ಕೇ ಮನೆಯ ಮಾತನ್ನೆಲ್ಲ ಇಲ್ಲಿ ಅವರ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಲೆಕ್ಕದ ಪ್ರಕಾರ ದಾದಿಮಾ ನಂತರ ಅವರ ಸೊಸೆ, ನನ್ನ ಅಮ್ಮಿ, ಬರಬೇಕಿತ್ತು. ಅಮ್ಮಿ ಸಿ.ಎಸ್. ಪುರದ ಕಡೆಯ ಹಳ್ಳಿಯವಳು. ಮದುವೆಯಾದ ವರ್ಷ ಅವಳನ್ನು ಒಂದು ಮನೆಗೆ ಕರೆದುಕೊಂಡು ಹೋದರು. ಹಲಗೆಯ ಮೇಲೆ ಮಲಗಿದ್ದವಳ ಕೈ ಜಾರಿ ಅಮ್ಮಿಯ ಮೊಣಕಾಲಿಗೆ ತಗುಲಿತು. ಅಮ್ಮಿ ಅಲ್ಲೇ ಜ್ಞಾನ ತಪ್ಪಿ ಬಿದ್ದಳು. ಆಮೇಲೆ ಅವಳು ಆ ಗಂಟನ್ನು ಮುಟ್ಟಲಿಲ್ಲ. ದಾದಿಮಾ ಹತ್ತು ಹನ್ನೆರಡು ವರ್ಷ ಕಾದು, ನನಗೆ ಹನ್ನೊಂದು ತುಂಬಿದಾಗ ನನ್ನ ಕಡೆ ತಿರುಗಿದರು. ತೊಂಬತ್ತರ ದಶಕದ ಮೊದಲ ವರ್ಷಗಳು ಅವು.

"ಇನ್ನೂ ಮಗು, ಹೆದರ್ಕೊಳ್ತಾಳೆ. ಯಾಕೆ ಮಕ್ಳನ್ನ ಇದಕ್ಕೆಲ್ಲ ಎಳೀತೀರಾ?" ಎಂದು ಅಮ್ಮಿ ಜಗಳಕ್ಕೆ ನಿಂತಳು.

"ನಾನು ಈ ಮನೆಗೆ ಬಂದಾಗ ಹದಿಮೂರು ಕಣೇ. ಬಂದ ತಿಂಗಳೇ ಚೊಂಬು ಕೈಗೆ ಕೊಟ್ರು. ನಂಗೇನಾಗೈತೆ? ನಾಳೆ ನಾನು ಸತ್ರೆ ಬೀದೀಲಿ ಹೋಗೋರ್ನ ಕರೀತೀಯಾ?" ಎಂದರು ದಾದಿಮಾ.

ನನಗೆ ಹೆದರಿಕೆಯಾಗಲಿಲ್ಲ. ನಿಜ ಹೇಳಬೇಕೆಂದರೆ ಹೆಮ್ಮೆಯಾಯಿತು. ದೊಡ್ಡವರನ್ನೇ ಒಳಗೆ ಬಿಡದ ಪರದೆಯೊಳಗೆ ನಾನು ಚೊಂಬು ಹಿಡಿದು ಹೋಗುತ್ತಿದ್ದೆ. ಹಿತ್ತಲಲ್ಲಿ ನಾಲ್ಕು ಸೀರೆ ಕಟ್ಟಿ ಮರೆ ಮಾಡಿ, ಮಸೀದಿಯಿಂದ ತಂದ ಹಲಗೆಯ ಮೇಲೆ ಮಲಗಿಸಿ, ಮೈಮೇಲೆ ಒಂದು ಬಟ್ಟೆ ಹೊದಿಸಿ, ಅದರಡಿಯಲ್ಲೇ ತೊಳೆಯಬೇಕು. ಮೊದಲು ಬಲಗಡೆ, ಆಮೇಲೆ ಎಡಗಡೆ. ದಾದಿಮಾ ಕೈ ಎಲ್ಲಿ ಹೋಗುತ್ತದೋ ಅಲ್ಲಿ ನಾನು ನೀರು ಹಾಕಬೇಕು, ಒಂದು ಹನಿ ಮುಖಕ್ಕೆ ಸಿಡಿಯಬಾರದು. ಆಮೇಲೆ ಕೂದಲನ್ನು ಎರಡು ಜಡೆ ಮಾಡಿ ಎದೆಯ ಮೇಲೆ ಇಡುತ್ತಿದ್ದರು. ಅವರು ಬದುಕಿದ್ದವರ ತಲೆ ಬಾಚಿದ್ದಕ್ಕಿಂತ ಮೆತ್ತಗೆ ಸತ್ತವರ ತಲೆ ಬಾಚುತ್ತಿದ್ದರು. ನನ್ನ ಜಡೆ ಹೆಣೆಯುವಾಗ ಮಾತ್ರ ಕೂದಲು ಕಿತ್ತು ಕೈಗೆ ಬರಬೇಕು.

ಮೊದಲ ಸಲ ಹೋದದ್ದು ಹುಲಿಯೂರುದುರ್ಗಕ್ಕೆ. ಬಸ್ಸಿನಲ್ಲಿ ದಾದಿಮಾ ನಿಯಮ ಹೇಳಿಕೊಟ್ಟರು. "ಅಲ್ಲಿ ನೋಡಿದ್ದನ್ನ ನೀರಿನ ಜೊತೆ ಅಲ್ಲೇ ಬುಟ್ಬುಟ್ಟು ಬರ್ಬೇಕು. ಕೆಟ್ಟದ್ದೇನಾರ ಕಂಡ್ರೆ ಯಾರ್ಗೂ ಹೇಳ್ಬಾರ್ದು. ನಾವು ಅವ್ರದ್ದು ಮುಚ್ಚಿದ್ರೆ ಅಲ್ಲಾ ನಮ್ದು ಮುಚ್ತಾನೆ. ತಿಳೀತಾ?" ನಾನು ಕಿಟಕಿಯಿಂದ ದುರ್ಗದ ಬೆಟ್ಟ ನೋಡುತ್ತಾ ತಲೆಯಾಡಿಸಿದೆ. ಕೆಟ್ಟದ್ದು ಎಂದರೆ ಸತ್ತವರ ಮುಖ ಕಪ್ಪಾಗುವುದೋ, ಹಾವು ಕಾಣಿಸುವುದೋ, ಮದರಸಾದಲ್ಲಿ ಹುಡುಗಿಯರು ಪಿಸುಗುಟ್ಟುತ್ತಿದ್ದ ಅಂಥದ್ದೇನೋ ಎಂದು ನನ್ನ ಲೆಕ್ಕ. ಅಂಥದ್ದೇನೂ ಕಾಣಲಿಲ್ಲ. ನಾಲ್ಕೈದು ಸಲ ಹೋಗಿ ಬಂದೆ.

ಆ ವರ್ಷ ಬಳೆ ಅಂಗಡಿಯ ಚಾಚಿ ತೀರಿಕೊಂಡರು. ನಾವು ಮಕ್ಕಳೆಲ್ಲ ಅವರನ್ನು ಚಾಚಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಅವರೇ ಆಪಾರ ತಾಯಿ. ಪೇಟೆಯ ಎಲ್ಲ ಹುಡುಗಿಯರ ಕೈಯನ್ನೂ ಹಿಡಿದು, ಗೆಣ್ಣು ಒತ್ತಿ, ನೋವಾಗದಂತೆ ಬಳೆ ತೊಡಿಸಿದವರು. ಬೇಸಿಗೆಯಲ್ಲೂ ಮಣಿಕಟ್ಟಿನ ತನಕ ತೋಳಿರುವ ಕುಪ್ಪಸ ಹಾಕುತ್ತಿದ್ದರು. ದೀನಿನವರು, ಅಂದರೆ ಧರ್ಮ ಬಿಡದವರು, ಶಿಸ್ತಿನವರು ಎಂದು ಜನ ಹೊಗಳುತ್ತಿದ್ದರು. ನಾಲ್ಕು ದಿನದ ಜ್ವರದಲ್ಲಿ ಹೋಗಿಬಿಟ್ಟರು. ಆಪಾಗೆ ಆಗ ಹತ್ತೊಂಬತ್ತು. ಗುಬ್ಬಿಯ ಒಬ್ಬ ಕಿರಾಣಿ ವ್ಯಾಪಾರಿಯ ಮಗನ ಜೊತೆ ನಿಶ್ಚಯವಾಗಿತ್ತು.

ಪರದೆಯೊಳಗೆ ನಾವು ಮೂವರು ಇದ್ದೆವು. ದಾದಿಮಾ, ಆಪಾರ ಸೋದರತ್ತೆ, ಚೊಂಬು ಹಿಡಿದ ನಾನು. ಕುಪ್ಪಸ ಕತ್ತರಿಸಿ ತೆಗೆದಾಗ ಚಾಚಿಯ ಎಡ ಭುಜದಿಂದ ಬೆನ್ನಿನ ತನಕ, ಹೊಟ್ಟೆಯ ಮೇಲೂ, ಬಿಳಿ ಮಚ್ಚೆಗಳು ಹರಡಿದ್ದವು. ಸೋದರತ್ತೆ ಬಾಯಿಗೆ ಕೈ ಇಟ್ಟುಕೊಂಡರು. ಅಷ್ಟು ವರ್ಷ ಒಂದೇ ಮನೆಯಲ್ಲಿ ಉಂಡ ಅವರಿಗೂ ಗೊತ್ತಿರಲಿಲ್ಲ. ದಾದಿಮಾ ತಲೆ ಎತ್ತಿ ಅವರನ್ನೊಮ್ಮೆ ನೋಡಿದರು. ಅವರು ಕಣ್ಣು ತಗ್ಗಿಸಿದರು. ಕೆಲಸ ಮುಂದುವರಿಯಿತು. ನನ್ನನ್ನು ಮಾತ್ರ ಯಾರೂ ನೋಡಲಿಲ್ಲ.

ನನಗೆ ಅದು ಕೆಟ್ಟದ್ದು ಅನ್ನಿಸಲೇ ಇಲ್ಲ. ಅದಕ್ಕೆ ತೊನ್ನು ಎನ್ನುತ್ತಾರೆ, ಆ ಒಂದು ಮಾತಿಗೆ ಮನೆಯ ಹೆಣ್ಣುಮಕ್ಕಳ ಮದುವೆ ನಿಲ್ಲುತ್ತದೆ ಎಂದು ಹನ್ನೊಂದು ವರ್ಷದವಳಿಗೆ ಹೇಗೆ ಗೊತ್ತಾಗಬೇಕು? ಅಂಕುಡೊಂಕು ಅಂಚು, ನಡುನಡುವೆ ಕಂದು ಚುಕ್ಕೆ. ಅದೇ ವಾರ ಶಾಲೆಯಲ್ಲಿ ಮೇಷ್ಟ್ರು ಗೋಡೆಗೆ ಭೂಪಟ ನೇತುಹಾಕಿದ್ದರು. ಥೇಟ್ ಹಾಗೇ ಇತ್ತು.

ನಮ್ಮ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಳು, ನಮ್ಮವಳೇ, ನಮ್ಮ ಬೀದಿಯವಳೇ. ನಾನು ಗುಸಲ್‌ಗೆ ಹೋಗುವುದು ಗೊತ್ತಾದ ಮೇಲೆ ಅವಳು ನನ್ನ ಡಬ್ಬಿಯಿಂದ ತಿನ್ನುವುದನ್ನು ಬಿಟ್ಟಿದ್ದಳು. "ಥೂ, ಹೆಣ ಮುಟ್ಟಿದ್ ಕೈ" ಎನ್ನುತ್ತಿದ್ದಳು. ಅವಳನ್ನು ನೋಡಿ ಇನ್ನಿಬ್ಬರು ದೂರ ಕೂತರು. ನನಗೆ ಮೂಗಿನ ತುದಿಯಲ್ಲಿ ಸಿಟ್ಟು, ಅದು ಇವತ್ತಿಗೂ ಅಲ್ಲೇ ಇದೆ. ಒಂದು ಮಧ್ಯಾಹ್ನ, "ನಿಂಗೇನ್ಲೇ ಗೊತ್ತು? ನಾನು ನೋಡಿರೋದನ್ನ ನೀನು ಜನ್ಮದಲ್ಲಿ ನೋಡಿರಲ್ಲ" ಎಂದೆ. "ಏನ್ ನೋಡಿದೀಯಾ ಮಹಾ?" ಎಂದಳು. ಬಳೆ ಅಂಗಡಿ ಚಾಚಿಯ ಬೆನ್ನ ಮೇಲೆ ಭೂಪಟ ಇತ್ತು ಎಂದೆ. ಎಲ್ಲಿಂದ ಎಲ್ಲಿಯವರೆಗೆ ಎಂದು ಅವಳ ಬೆನ್ನ ಮೇಲೆ ಬೆರಳಿಂದ ಗೆರೆ ಎಳೆದು ತೋರಿಸಿದೆ. ಅವತ್ತು ಅವಳು ನನ್ನ ಡಬ್ಬಿಯಿಂದ ಎರಡು ಚಪಾತಿ ತಿಂದಳು. ನಾನು ಗೆದ್ದೆ ಅಂದುಕೊಂಡೆ.

ಅವಳ ತಾಯಿಯ ತವರು ಗುಬ್ಬಿ. ಇಷ್ಟು ಹೇಳಿದರೆ ಸಾಕು.

ಚಾಚಿ ಸತ್ತ ನಲವತ್ತನೆಯ ದಿನ ಮುಗಿಯುವ ಮೊದಲೇ ಗುಬ್ಬಿಯಿಂದ ಹುಡುಗನ ತಾಯಿ ಮತ್ತು ದೊಡ್ಡಮ್ಮ ಬಂದರು. ಆಪಾರನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ತಾಯಿ ಸತ್ತು ತಿಂಗಳಾಗಿದ್ದ ಹುಡುಗಿಯ ಬಟ್ಟೆ ಬಿಚ್ಚಿಸಿ, ಕಿಟಕಿಯ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು. ಏನೂ ಇರಲಿಲ್ಲ. ಹೊರಗೆ ಬಂದು, "ಈಗ ಇಲ್ಲ ಸರಿ, ಮುಂದೆ ಬರಲ್ಲ ಅಂತ ಏನ್ ಗ್ಯಾರಂಟಿ?" ಎಂದು ಹೇಳಿ ಬಸ್ಸು ಹತ್ತಿದರು. ಮದುವೆ ಮುರಿಯಿತು.

ಈ ಸುದ್ದಿಯನ್ನು ಅಮ್ಮಿ ಊಟಕ್ಕೆ ಬಡಿಸುತ್ತಾ ಹೇಳಿದಳು. "ಒಳಗಿದ್ದೋರೇ ಯಾರೋ ಹೇಳಿರ್ಬೇಕು" ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ಅನ್ನದಲ್ಲಿ ನಿಂತುಬಿಟ್ಟಿತು. ಎದುರಿಗೆ ಕೂತಿದ್ದ ದಾದಿಮಾ ನನ್ನ ಕೈ ನೋಡಿದರು, ಆಮೇಲೆ ಮುಖ ನೋಡಿದರು. ಎದ್ದು ಹೋಗಿ ಕೈ ತೊಳೆದುಕೊಂಡರು.

ಮಾರನೆಯ ದಿನ ಅಸರ್, ಅಂದರೆ ಇಳಿಹೊತ್ತಿನ, ನಮಾಜಿನ ವೇಳೆಗೆ ಆಪಾರ ತಂದೆ ನಮ್ಮ ಬಾಗಿಲಿಗೆ ಬಂದರು. ಒಳಗೆ ಬನ್ನಿ ಎಂದರೂ ಬರಲಿಲ್ಲ. ನಾನು ಬಾಗಿಲ ಪರದೆಯ ಹಿಂದೆ ನಿಂತಿದ್ದೆ.

"ಒಳಗಿದ್ದದ್ದು ನೀವು, ನನ್ನ ತಂಗಿ. ತಂಗಿ ಕುರಾನ್ ಮುಟ್ಟಿ ನಾನಲ್ಲ ಅಂದ್ಲು. ಈಗ ನೀವು ಹೇಳಿ ಅಮ್ಮಾ" ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು.

"ನಮ್ಮನೆಯಿಂದ್ಲೇ ಹೋಗೈತೆ. ತಪ್ಪು ನಂದು. ಮಾಫ್ ಮಾಡಿ ಅಂತ ಕೇಳೋ ಮುಖಾನೂ ಇಲ್ಲ ನಂಗೆ" ಎಂದು ದಾದಿಮಾ ಬಾಗಿ ಅವರ ಕಾಲು ಮುಟ್ಟಲು ಹೋದರು. ಅವರು ಎರಡು ಹೆಜ್ಜೆ ಹಿಂದೆ ಸರಿದು ಹೊರಟುಹೋದರು.

ನಾನು ಬಾಯಿ ಬಿಡಬೇಕಿದ್ದ ದಿನ ಅದು. ಬಿಡಬಾರದ ದಿನ ಬಿಟ್ಟ ಬಾಯಿ ಅವತ್ತು ಹೊಲಿದುಕೊಂಡಂತೆ ಕೂತಿತು. ಪರದೆಯ ಆಚೆ ನನ್ನ ಅಜ್ಜಿ ಒಬ್ಬ ಗಂಡಸಿನ ಕಾಲಿಗೆ ಬಗ್ಗಿದ್ದನ್ನು ನೋಡಿಕೊಂಡೇ ನಿಂತೆ. ಅವರು ಒಳಗೆ ಬಂದು ನನ್ನನ್ನು ದಾಟಿ ಹೋದರು. ಒಂದು ಏಟು ಹಾಕಿದ್ದರೆ ಅವತ್ತೇ ಅತ್ತು ಎಲ್ಲ ಹೇಳಿಬಿಡುತ್ತಿದ್ದೆನೇನೋ. ಹೊಡೆಯಲಿಲ್ಲ. ಮಾರನೆಯ ವಾರ ನಾನು ಮೊರ ತೆಗೆದುಕೊಂಡು ಎಲಚಿ ಮರದ ಕಡೆ ಹೋದಾಗ ಮಾತ್ರ, "ಇಲ್ಲಿ ಕೊಡು. ನೀನು ಓದ್ಕೋ ಹೋಗು" ಎಂದು ಮೊರ ಕಸಿದುಕೊಂಡರು. ಅಷ್ಟೇ. ಆಮೇಲೆ ಅವರು ನನಗೆ ಎಲೆ ಬಿಡಿಸಲು ಹೇಳಲೇ ಇಲ್ಲ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರೆ. ಹೋದದ್ದು ಆಪಾರ ಮದುವೆ ಒಂದೇ ಅಲ್ಲ. ಮುದುಕಿಯ ಬಾಯಿ ಸರಿಯಿಲ್ಲ ಎಂದು ಊರೆಲ್ಲ ಹಬ್ಬಿತು. ಯಾರ ಮನೆಯಲ್ಲಿ ಸತ್ತರೂ ದಾದಿಮಾಗೆ ಕರೆ ಬರಲಿಲ್ಲ. ತುಮಕೂರಿನಿಂದ ಯಾರನ್ನಾದರೂ ಕರೆಸುತ್ತಿದ್ದರು, ಇಲ್ಲವೇ ಬಂದಂತೆ ತಾವೇ ಮಾಡಿ ಮುಗಿಸುತ್ತಿದ್ದರು. ಆದರೂ ಮೈಕಿನಲ್ಲಿ ಕೂಗಿದ ಕೂಡಲೇ ದಾದಿಮಾ ಗಂಟು ತೆಗೆಯುವರು. ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡು, ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂರುವರು. ಬೀದಿಯಲ್ಲಿ ಹೆಣ ಹೊತ್ತ ಜನಾಜಾ ಹೋಗುವ ತನಕ ಕೂತು, ಆಮೇಲೆ ಎದ್ದು ಗಂಟನ್ನು ಪೆಟ್ಟಿಗೆಯಲ್ಲಿ ಇಡುವರು. ನಾನು ಎಸ್ಸೆಸ್ಸೆಲ್ಸಿ ಮುಗಿಸುವ ತನಕ ಇದನ್ನು ನೋಡಿದೆ. ಒಮ್ಮೆಯೂ ಅವರ ಪಕ್ಕ ಹೋಗಿ ಕೂರುವ ಧೈರ್ಯ ನನಗೆ ಬರಲಿಲ್ಲ.

ಆಪಾಗೆ ಮತ್ತೆ ಎರಡು ಸಂಬಂಧ ಬಂದು ವಾಪಸ್ಸು ಹೋದವು. ಆಮೇಲೆ ಬರುವುದೇ ನಿಂತಿತು. ಅವರು ತಂದೆಯ ಜೊತೆ ಅಂಗಡಿಯಲ್ಲಿ ಕೂತರು. ಹಬ್ಬಕ್ಕೆ ಬಳೆ ತೊಡಿಸಲು ಅಮ್ಮಿ ನನ್ನನ್ನು ಕಳಿಸಿದರೆ ನಾನು ಬೇರೆ ಅಂಗಡಿಗೆ ಹೋಗಿ ಬರುತ್ತಿದ್ದೆ. ನನ್ನ ಮದುವೆಯ ಬಳೆಯನ್ನು ಮಾತ್ರ ತಪ್ಪಿಸಲಾಗಲಿಲ್ಲ. ಮನೆಗೇ ಬಂದು ತೊಡಿಸಿದವರು ಅವರೇ. ತಾಯಿಯ ಹಾಗೇ ಗೆಣ್ಣು ಒತ್ತಿ, ನೋವಾಗದಂತೆ ತೊಡಿಸಿದರು. "ಕೈ ಯಾಕೆ ಹಿಂದಕ್ಕೆ ಎಳ್ಕೊಳ್ತೀಯಾ? ಮದ್ವೆ ಹೆಣ್ಣು ಕಣೇ ನೀನು" ಎಂದು ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹತ್ತೊಂಬತ್ತು ತುಂಬುವ ಮೊದಲೇ ಮದುವೆಯಾಗಿ ತುಮಕೂರಿಗೆ ಬಂದೆ. ಗಂಡನಿಗೆ ಮೊದಲು ಒಂದು ವರ್ಕ್‌ಶಾಪ್, ಆಮೇಲೆ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ. ಮರುವರ್ಷವೇ ಮಗಳು ಹುಟ್ಟಿದಳು. ನಮ್ಮ ಗಲ್ಲಿಯಲ್ಲಿ ಯಾರೋ ತೀರಿಕೊಂಡಾಗ ನೆರೆಯಾಕೆ, "ನಿಮ್ಮನೆಯೋರು ಗುಸಲ್ ಮಾಡ್ಸೋರಂತಲ್ಲ, ಬನ್ನಿ" ಎಂದು ಕರೆಯಲು ಬಂದಳು. "ನಂಗೆ ಬರಲ್ಲ" ಎಂದು ಬಾಗಿಲು ಹಾಕಿಕೊಂಡೆ. ಬರುತ್ತಿತ್ತು. ಯಾವ ಕೈ ಮೊದಲು, ಎಷ್ಟು ಸಲ, ಕರ್ಪೂರ ಯಾವ ನೀರಿಗೆ, ಎಲ್ಲ ಬರುತ್ತಿತ್ತು.

ಮಗಳು ಶಾಲೆಗೆ ಸೇರಿದ ವರ್ಷ ಅಮ್ಮಿಯ ಫೋನ್ ಬಂತು. ಬಳೆ ಅಂಗಡಿಯ ಸೋದರತ್ತೆ ತೀರಿಕೊಂಡರಂತೆ. ಕರೆಯಲು ಆಪಾ ತಾವೇ ನಮ್ಮ ಮನೆಗೆ ಬಂದರಂತೆ. ಬಾಗಿಲಲ್ಲಿ ಗಂಟು ಇಟ್ಟುಕೊಂಡು ಕೂತಿದ್ದ ಮುದುಕಿಗೆ, "ಏಳಿ ಅಜ್ಜಿ, ಹೋಗೋಣ" ಎಂದರಂತೆ. ದಾದಿಮಾ ಹಿಂದೆ ತಿರುಗಿ ಯಾರನ್ನು ಕರೆಯುತ್ತಿದ್ದಾರೆ ಎಂದು ನೋಡಿದರಂತೆ. ಅವತ್ತು ಪರದೆಯೊಳಗೆ ನೀರು ಹಾಕಿದ್ದು ಆಪಾ. ಆಮೇಲೆ ಅವರು ವಾರಕ್ಕೊಂದು ಸಲ ಬಂದು ಹೆಣಕ್ಕೆ ಸುತ್ತುವ ಕಫನ್ ಬಟ್ಟೆ ಹರಿಯುವುದು, ಮಡಿಸುವುದು ಎಲ್ಲ ಕಲಿಯತೊಡಗಿದರು. ಆ ಮನೆಯವಳೇ ಕರೆದಮೇಲೆ ಊರಿನ ಉಳಿದವರೂ ಕರೆದರು. "ನಿಮ್ಮ ದಾದಿಮಾ ಈಗ ಎಲಚಿ ಎಲೆ ಅವಳ ಕೈಲೇ ಬಿಡಿಸ್ತಾರೆ" ಎಂದಳು ಅಮ್ಮಿ.

ನನಗೆ ಸಮಾಧಾನವಾಗಬೇಕಿತ್ತು. ಹೊಟ್ಟೆಕಿಚ್ಚಾಯಿತು. ನಾಚಿಕೆಯಿಲ್ಲದೆ ಹೇಳುತ್ತಿದ್ದೇನೆ. ನನ್ನಿಂದ ಬದುಕು ಕೆಟ್ಟವಳಿಗೆ ನನ್ನ ಮನೆಯ ಮೊರ ಹೋಯಿತೆಂದು ನನಗೆ ಹೊಟ್ಟೆಕಿಚ್ಚಾಯಿತು.

ಮಗಳಿಗೆ ಹತ್ತು ತುಂಬಿದ ಬೇಸಿಗೆ ರಜೆಯಲ್ಲಿ ಅವಳನ್ನು ಕುಣಿಗಲ್‌ನಲ್ಲಿ ಬಿಟ್ಟಿದ್ದೆ. ಕರೆದುಕೊಂಡು ಬರಲು ಹೋದಾಗ ಅವಳು ಹಿತ್ತಲಲ್ಲಿ ಬೆರಳು ಚೀಪುತ್ತಾ ನಿಂತಿದ್ದಳು. ಪಕ್ಕದಲ್ಲಿ ಮೊರ, ಮೊರದ ತುಂಬ ಎಲೆ. ನನ್ನ ತಲೆ ಕೆಟ್ಟುಹೋಯಿತು. ಎಲೆಯನ್ನೆಲ್ಲ ನೆಲಕ್ಕೆ ಸುರಿದು ದಾದಿಮಾ ಮುಂದೆ ಹೋಗಿ ನಿಂತೆ.

"ನನ್ನ ಮಗಳನ್ನ ಇದಕ್ಕೆ ಎಳೀಬೇಡಿ. ಸೇವೆ ಅಂತೆ, ಪುಣ್ಯ ಅಂತೆ! ಮಕ್ಕಳಿಗೆ ಯಾಕೆ ಈ ಭಾರ?"

ದಾದಿಮಾಗೆ ಆಗ ಕಣ್ಣು ಮಂಜಾಗಿತ್ತು. ನನ್ನ ದನಿ ಬಂದ ಕಡೆ ಮುಖ ತಿರುಗಿಸಿದರು. "ನೀನು ಹೇಳೋದು ಸರಿ ಕಣೇ. ನಿಂಗೆ ನೀರು ಹಾಕೋದು ಐದಾರ್ ಸಲ ಕಲ್ಸಿದೆ. ಬಾಯಿ ಮುಚ್ಚೋದು ಒಂದೇ ಸಲ ಹೇಳ್ದೆ, ಅದೂ ಬಸ್ಸಲ್ಲಿ. ಮಗು ಕಣ್ಣಲ್ಲಿ ಯಾವುದು ಕೆಟ್ಟದ್ದು, ಯಾವುದು ಒಳ್ಳೇದು ಅಂತ ನಾನು ಯೋಚ್ನೆ ಮಾಡ್ಲಿಲ್ಲ. ತಪ್ಪು ನಂದು ಅಂತ ಅವತ್ತು ಅವ್ರಿಗೆ ಸುಳ್ಳು ಹೇಳ್ಲಿಲ್ಲ ನಾನು" ಎಂದರು.

ಅಷ್ಟು ವರ್ಷಗಳಲ್ಲಿ ಆ ವಿಷಯ ಅವರ ಬಾಯಿಂದ ಬಂದದ್ದು ಅದೊಂದೇ ಸಲ. ನಾನು ಅವರ ಕಾಲ ಬಳಿ ಕೂತು, ಹೌದು ದಾದಿಮಾ, ನಾನೇ, ಎಂದು ಅಳಬೇಕಿತ್ತು. ಮಗಳ ಕೈ ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಸಿಟ್ಟಿನಲ್ಲಿ ಅವಳ ಬಟ್ಟೆ ಬ್ಯಾಗನ್ನೂ ಅಲ್ಲೇ ಮರೆತು ಬಂದಿದ್ದೆ.

ಅದೇ ವರ್ಷ ಚಳಿಗಾಲದಲ್ಲಿ ದಾದಿಮಾ ತೀರಿಕೊಂಡರು. ಬೆಳಗಿನ ನಮಾಜಿಗೆ ಎದ್ದವರು ನಮಾಜಿನ ಚಾಪೆಯ ಮೇಲೆ ಒರಗಿದ್ದರಂತೆ. ನಾವು ತುಮಕೂರಿನಿಂದ ಹೋಗುವ ಹೊತ್ತಿಗೆ ಹಿತ್ತಲಲ್ಲಿ ಸೀರೆ ಕಟ್ಟಿ ಆಗಿತ್ತು, ಹಂಡೆಯಲ್ಲಿ ಎಲಚಿ ಎಲೆ ಕುದಿಯುತ್ತಿತ್ತು. ಆಪಾ ಪರದೆಯಿಂದ ಹೊರಗೆ ಬಂದು ಎಲ್ಲರ ಮುಂದೆ ಕೇಳಿದರು, "ಮನೆಯೋರು ಒಬ್ರು ಬೇಕು, ನೀರು ಹಾಕೋಕೆ." ಅಮ್ಮಿ ಗೋಡೆ ಹಿಡಿದುಕೊಂಡಳು. ನನ್ನ ಮಗಳು ನನ್ನ ಸೆರಗು ಎಳೆದು, "ನಾನ್ ಹೋಗ್ಲಾ?" ಎಂದಳು. ಅವಳನ್ನು ಅಮ್ಮಿಯ ಪಕ್ಕ ಕೂರಿಸಿ ನಾನೇ ಎದ್ದೆ.

ಒಳಗೆ ಹೋದ ಮೇಲೆ ಆಪಾ ಕುರ್ತಾದ ತೋಳುಗಳನ್ನು ಮೊಣಕೈ ಮೇಲಕ್ಕೆ ಮಡಚಿಕೊಂಡರು. ಆಗ ಅವರಿಗೆ ಮೂವತ್ತೇಳೋ ಮೂವತ್ತೆಂಟೋ. ಚೊಕ್ಕವಾದ ತೋಳುಗಳು, ಒಂದು ಚುಕ್ಕೆ ಇಲ್ಲ. ಕುತ್ತಿಗೆಯಲ್ಲಿ ಇಲ್ಲ, ಕಾಲಲ್ಲಿ ಇಲ್ಲ. ಗುಬ್ಬಿಯವರು ಕೇಳಿದ ಗ್ಯಾರಂಟಿ ನನ್ನ ಕಣ್ಣ ಮುಂದೆ ಚೊಂಬಿಗೆ ಕೈ ಚಾಚಿ ನಿಂತಿತ್ತು. ನನ್ನಿಂದ ತಡೆಯಲಾಗಲಿಲ್ಲ.

"ಆಪಾ, ದಾದಿಮಾ ಅಲ್ಲ ಹೇಳಿದ್ದು. ನಾನು."

"ಗೊತ್ತು" ಎಂದರು ಅವರು, ದಾದಿಮಾ ಕೂದಲು ಬಿಡಿಸುತ್ತಾ.

"ಅವರು ಹೇಳಿದ್ರಾ?"

"ಅವ್ರು ಹೇಳ್ತಾರಾ? ಒಳಗಿದ್ದೋರು ಮೂರ್ ಜನ. ನಮ್ಮತ್ತೆ ಅಲ್ಲ. ಅಜ್ಜಿ ಜೊತೆ ಒಂದಿನ ಕೆಲ್ಸ ಮಾಡ್ದೋರ್ಗೂ ಗೊತ್ತಾಗ್ತೈತೆ, 'ಇವ್ರಲ್ಲ' ಅಂತ. ಇನ್ ಯಾರು ಉಳಿದ್ರು?" ಅವರು ತಲೆ ಎತ್ತಿ ನನ್ನನ್ನು ನೋಡಿದರು. "ಅಜ್ಜೀನ ನಾನು ಎಷ್ಟೋ ಸಲ ಕೇಳ್ದೆ, ಅವತ್ತು ಯಾಕೆ ಹಂಗಂದ್ರಿ ಅಂತ. ಮಗೂನ ಒಳಗೆ ಕರ್ಕೊಂಡ್ ಹೋದೋಳು ನಾನು ಅಂದ್ರು, ಅಷ್ಟೇ."

ನಾನು ಅಳತೊಡಗಿದೆ. "ಮಾಫ್ ಮಾಡಿ ಆಪಾ" ಎಂದೆ.

"ಅದು ಬೇರೆ ಮಾತು. ಇವತ್ತು ಆಗಲ್ಲ. ಯಾವತ್ತಾಗ್ತದೋ ನಂಗೂ ಗೊತ್ತಿಲ್ಲ. ಕಣ್ಣು ಒರೆಸ್ಕೋ, ಮುಖಕ್ಕೆ ಸಿಡೀಬಾರ್ದು. ಬಲಗಡೆಯಿಂದ ಹಾಕು" ಎಂದರು.

ನಾನು ನೀರು ಹಾಕಿದೆ. ಅವರ ಕೈ ಎಲ್ಲಿ ಹೋಯಿತೋ ಅಲ್ಲಿ ಹಾಕಿದೆ. ಕೊನೆಯಲ್ಲಿ ಅವರು ದಾದಿಮಾರ ಬೆಳ್ಳಗಿನ ಕೂದಲನ್ನು ಎರಡು ಜಡೆ ಹೆಣೆದು ಎದೆಯ ಮೇಲೆ ಇಟ್ಟರು. ಜಡೆ ತೆಳ್ಳಗಿದ್ದವು, ದಾರದಷ್ಟು.

ಮಣ್ಣು ಮುಗಿಸಿ ಗಂಡಸರು ಬಂದ ಮೇಲೆ, ಸ್ನಾನ ಮಾಡಿ ಎಲಚಿ ಮರದ ಕೆಳಗೆ ಕೂತಿದ್ದೆ. ಮಗಳು ಬಂದು ಪಕ್ಕ ಕೂತಳು. ನಾನು ಅವಳಿಗೆ ಎಲ್ಲ ಹೇಳಿದೆ. ನನ್ನ ಡಬ್ಬಿ, ಭೂಪಟ, ಗುಬ್ಬಿಯಿಂದ ಬಂದವರು, ಬಾಗಿಲಲ್ಲಿ ಬಗ್ಗಿದ ಅಜ್ಜಿ. ಅವಳು ಬಾಯಿ ತೆರೆದುಕೊಂಡು ಕೇಳಿದಳು.

"ಆ ಬಳೆ ಆಂಟಿಗೆ ಸಾರಿ ಕೇಳಿದ್ಯಾ ಅಮ್ಮಿ?"

"ಕೇಳ್ದೆ."

"ಯಾವಾಗ?"

"ಇವತ್ತು."

"ಇವತ್ತಾ?" ಎಂದು ಅವಳು ನನ್ನ ಮುಖ ನೋಡಿದ ರೀತಿ ಇದೆಯಲ್ಲ, ದಾದಿಮಾ ಕೂಡ ನನ್ನನ್ನು ಹಾಗೆ ನೋಡಿರಲಿಲ್ಲ. ಉದುರಿದ್ದ ಎಲೆಯೊಂದನ್ನು ಆಯ್ದುಕೊಂಡು, "ಮುಂದಿನ ಸಲ ನನ್ನ ಕರ್ಕೊಂಡ್ ಹೋಗ್ತೀಯಾ?" ಎಂದಳು. ಗೊತ್ತಿಲ್ಲ ಎಂದೆ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಕಳಿಸಿದರೆ ಒಂದು ಭಯ, ಕಳಿಸದಿದ್ದರೆ ಆ ಮೊರವನ್ನು ಮುಂದೆ ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ ಎಂಬ ಇನ್ನೊಂದು ಭಯ.

ಆಮೇಲೆ ಅವಳು ಮಕ್ಕಳು ಕೇಳುವುದನ್ನೇ ಕೇಳಿದಳು. "ಒಳಗೆ ಏನ್ ನೋಡ್ದೆ?"

ಅವತ್ತು ದಾದಿಮಾ ಮೈಮೇಲೆ ನಾನು ಒಂದನ್ನು ನೋಡಿದೆ. ಅಬ್ಬಾನಿಗೂ ಅಮ್ಮಿಗೂ ಗೊತ್ತಿಲ್ಲದ್ದು, ಅಷ್ಟು ವರ್ಷ ಅವರ ಮಗ್ಗುಲಲ್ಲೇ ಮಲಗಿ ಬೆಳೆದ ನನಗೂ ಗೊತ್ತಿರದಿದ್ದದ್ದು. ಆಪಾ ನನ್ನ ಮುಖ ನೋಡಿದರು. ನಾನು ಕಣ್ಣು ತಗ್ಗಿಸಿ ನೀರು ಹಾಕಿದೆ. ಮಗಳು ಮೂರು ಸಲ ಕೇಳಿದಳು, ಹೇಳಲಿಲ್ಲ. ನಿಮಗೂ ಹೇಳುವುದಿಲ್ಲ.